ಜೋಳದ ನಾಡಿಗೆ ಸಕ್ಕರೆ ಬೇನೆ ಬಂದ ಬಗೆ

ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಇಬ್ಬರು ಭೇಟಿಯಾದರೆ ಮೊದಲು ಕೇಳುತ್ತಿದ್ದ ಮಾತು ‘ನಿಮ್ಮ ಕಡಿ ಮಳಿ ಆತೇನ್ರಿ?’ ಎಂಬುದು. ಈಗ ಎಸ್.ಟಿ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಕಿವಿಗೊಟ್ಟರೆ ಬೇರೆಯೇ ವಿಚಾರಣೆ ಕೇಳಿಬರುತ್ತದೆ.

‘ಮಾಸ್ತರ, ನಿಮ್ಮ ಶುಗರ್ ಎಷ್ಟದ್ರಿ?’

‘ಉಪಾಸದಾಗ ನೂರಾ ನಲವತ್ತು. ನಿಮ್ದು?’

‘ಬ್ಯಾಡ ಬಿಡ್ರಿ, ಕೇಳಬ್ಯಾಡ್ರಿ.’

ಹೀಗೆ ಕೇಳುವವರು ಪೇಟೆಯ ಸಾವುಕಾರರಲ್ಲ. ಎರಡೆಕರೆ ಎರೆಹೊಲದ ಒಕ್ಕಲಿಗರು, ಗೌಂಡಿಗಳು, ಅಂಗನವಾಡಿಯ ಬಾಯಿಯವರು. ಸಕ್ಕರೆ ಬೇನೆ, ಬಿ.ಪಿ. ಎಂದರೆ ಕುಂತು ಉಣ್ಣುವ ಶ್ರೀಮಂತರ ರೋಗ ಎಂದು ನಂಬಿದ್ದ ಜನ ನಾವು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡದ ಹಳ್ಳಿಗಳು ಆಡಳಿತಕ್ಕೆ ಮಹಾರಾಷ್ಟ್ರದಲ್ಲಿದ್ದರೂ ಮಾತಿಗೆ, ಊಟಕ್ಕೆ ಕಲಬುರಗಿ–ವಿಜಯಪುರದ ಸೀಮೆಗೇ ಸೇರಿದವು. ಜೋಳದ ರೊಟ್ಟಿ ಉಂಡು ಗಟ್ಟಿಯಾದ ಈ ನಾಡಿಗೆ ಇಂಥ ಬೇನೆ ಹೇಗೆ ಬಂತು, ಬರದಂತೆ ತಡೆಯಲು ಊಟ, ದುಡಿಮೆ, ವಿಟಮಿನ್ನುಗಳಿಂದ ಎಷ್ಟು ಸಾಧ್ಯ ಎಂಬ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಮನೆಯಿಂದಲೇ ಬಂತು.

ಅಕ್ಕನ ಎರಡು ಗುಳಿಗೆ

ಅಕ್ಕ ನನಗಿಂತ ಒಂಬತ್ತು ವರ್ಷ ಹಿರಿಯಳು. ಅವಳನ್ನು ಕೊಟ್ಟದ್ದು ಗಡಿಯಂಚಿನ ಹಳ್ಳಿಗೆ; ಊರ ಹೊಲದ ಬದು ದಾಟಿದರೆ ಅಫಜಲಪುರ ತಾಲೂಕು. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಮರಾಠಿ ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟು ಬರುತ್ತದೆ, ಓದಲು ಬಾರದು. 2016ರಲ್ಲಿ ತಲೆಸುತ್ತು ಬರುತ್ತದೆಂದು ಪಟ್ಟಣದ ಒಂದು ದವಾಖಾನೆಗೆ ಹೋದಳು. ಬಿ.ಪಿ. ಹೆಚ್ಚಾಗಿದೆ ಎಂದು ಒಂದು ಸಣ್ಣ ಬಿಳಿ ಗುಳಿಗೆ, ನಿಶ್ಶಕ್ತಿ ಎಂದದ್ದಕ್ಕೆ ಒಂದು ದೊಡ್ಡ ಕೆಂಪು ವಿಟಮಿನ್ ಗುಳಿಗೆ ಬರೆದುಕೊಟ್ಟರು. ಯಾವುದನ್ನು ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಮರಾಠಿಯಲ್ಲಿ ಹೇಳಿದರು. ಕೈಗೆ ಕೊಟ್ಟ ಪಥ್ಯದ ಹಾಳೆಯೂ ಮರಾಠಿಯದೇ. ಅಕ್ಕ ಎಲ್ಲಕ್ಕೂ ‘ಹೋ, ಹೋ’ ಎಂದು ತಲೆಯಾಡಿಸಿ ಬಂದಳು.

ತಿಂಗಳೊಳಗೆ ತಲೆಸುತ್ತು ನಿಂತಿತು. ಬಿಳಿ ಗುಳಿಗೆಯ ಕೆಲಸ ಮುಗಿಯಿತೆಂದು ಅದನ್ನು ಬಿಟ್ಟಳು. ಕೆಂಪು ‘ತಾಕತ್ತಿನ ಗುಳಿಗಿ’ಯನ್ನು ಮಾತ್ರ ರೊಕ್ಕ ಕೊಟ್ಟು ತರಿಸಿ ಎಂಟು ತಿಂಗಳು ನುಂಗಿದಳು.

‘ಅದು ದೊಡ್ಡದಿತ್ತು, ತುಟ್ಟಿ ಇತ್ತು. ಅದೇ ಖರೇ ಔಷಧ ಅಂತ ತಿಳಕೊಂಡೆ ತಮ್ಮಾ’ ಎಂದು ಆಮೇಲೆ ಹೇಳಿದಳು. ಹೇಳುವಾಗ ಮಾತು ತೊದಲುತ್ತಿತ್ತು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು.

ಮರುವರ್ಷ, 2017ರಲ್ಲಿ, ನಮ್ಮ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಮಕ್ಕಳ ತಪಾಸಣೆ ಮುಗಿದ ಮೇಲೆ ಡಾಕ್ಟರರು ‘ಮಾಸ್ತರ, ನಿಮ್ದೂ ನೋಡೂಣು ಬರ್ರಿ’ ಎಂದು ಬೆರಳು ಚುಚ್ಚಿದರು. ಸಕ್ಕರೆ ಇನ್ನೂರಾ ಹದಿನಾರು. ನನಗಾಗ ಐವತ್ಮೂರು ವರ್ಷ. ನೋವಿಲ್ಲ, ಜ್ವರವಿಲ್ಲ, ಏನೂ ಇಲ್ಲ. ಮುಂದೆ ಪ್ರಯೋಗಾಲಯದ ಪರೀಕ್ಷೆಯಲ್ಲೂ ಅದೇ ಖಾತ್ರಿಯಾಯಿತು. ‘ನಮ್ಮಪ್ಪ ಎಪ್ಪತ್ತರಾಗ ಜ್ವಾಳ ಕೀಳತಿದ್ದ್ರಿ ಸಾಹೇಬ, ನಮ್ಮ ಮನ್ಯಾಗ ಈ ಬ್ಯಾನಿ ಇಲ್ಲ’ ಎಂದೆ. ಆ ಡಾಕ್ಟರರು ನಕ್ಕು, ‘ನೀವು ಜ್ವಾಳ ಕಿತ್ತು ಎಷ್ಟು ವರ್ಷ ಆತ್ರಿ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಪ್ಪನ ಗಂಗಾಳ

ಆ ಪ್ರಶ್ನೆಯಿಂದಲೇ ಅಪ್ಪನ ಊಟವನ್ನೂ ದಿನಚರಿಯನ್ನೂ ನೆನಪು ಮಾಡಿಕೊಳ್ಳತೊಡಗಿದೆ. ಸೊಲ್ಲಾಪುರ ಸೀಮೆ ಹಿಂಗಾರಿ ಜೋಳದ ತವರು. ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆರಿಸಿ ತೆಗೆದ ‘ಎಂ 35-1’ ಎಂಬ ಮಾಲದಂಡಿ ತಳಿ ಗಡಿಯ ಆಚೆಗೂ ಈಚೆಗೂ ಇಂದಿಗೂ ರೊಟ್ಟಿಗೆ ಹೆಸರುವಾಸಿ. ಬಸವಣ್ಣನವರು ಇದ್ದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅಪ್ಪನ ಬುತ್ತಿಯಲ್ಲಿ ಮೂರೋ ನಾಲ್ಕೋ ರೊಟ್ಟಿ ಇರುತ್ತಿದ್ದವು. ಆದರೆ ರೊಟ್ಟಿ ಒಂಟಿಯಾಗಿ ಎಂದೂ ಬರುತ್ತಿರಲಿಲ್ಲ. ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಗುರೆಳ್ಳ ಹಿಂಡಿಯೋ ಇರಬೇಕು. ಮಡಿಕಿ ಕಾಳು, ಹೆಸರು ಕಾಳು, ಇಲ್ಲವೆ ತೊಗರಿ ಬ್ಯಾಳಿ ಇರಬೇಕು. ಪುಂಡಿ, ಮೆಂತ್ಯ, ರಾಜಗಿರಿ, ಎಳೆಯ ಕುಸುಬಿ ಹೀಗೆ ಋತುವಿಗೊಂದು ಸೊಪ್ಪಿನ ಪಲ್ಲೆ ಬೇಕು. ಹೊಲದ ಬದುವಿನಲ್ಲಿ ಸಿಗುವ ಹಕ್ಕರಕಿಯನ್ನು ಹಸಿಯದೇ ತಿನ್ನುತ್ತಿದ್ದೆವು. ಮೇಲೆ ಗುದ್ದಿದ ಉಳ್ಳಾಗಡ್ಡಿ, ಗಡಿಗೆಯ ಮಜ್ಜಿಗೆ. ಎಳ್ಳ ಅಮವಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯಲ್ಲಂತೂ ಆ ಹಂಗಾಮಿನ ಕಾಳು, ಕಾಯಿ, ಸೊಪ್ಪು ಎಲ್ಲವೂ ಒಂದೇ ಪಾತ್ರೆಯಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ, ಮೈದಾದಲ್ಲಿಯೂ ಅಷ್ಟೆ. ನಾರು ಇದ್ದಲ್ಲಿ ಅನ್ನ ನಿಧಾನವಾಗಿ ಕರಗುತ್ತದೆ, ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದೆ ಮೆಲ್ಲಗೆ ಇಳಿಯುತ್ತದೆ, ಹೊಟ್ಟೆಯೂ ಬೇಗ ಹಸಿಯುವುದಿಲ್ಲ. ಸೊಪ್ಪು, ಕಾಳುಗಳು ಜೊತೆಗಿದ್ದರೆ ಈ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ. ಹಾಗೆಂದು ಜೋಳವನ್ನು ದೇವರ ಪ್ರಸಾದವೆಂದು ಹೊಗಳುವ ಅಗತ್ಯವೂ ಇಲ್ಲ. ತೌಡು ತೆಗೆಯದ ಗೋದಿ ಹಿಟ್ಟಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ನಾರು ಇದೆ. ಜರಡಿಯಲ್ಲಿ ಸೋಸಿ ತೌಡನ್ನು ದನಕ್ಕೆ ಹಾಕಿ, ಬೆಳ್ಳಗಿನ ಹಿಟ್ಟನ್ನು ನಾವು ತಿನ್ನುವುದರಲ್ಲಿಯೇ ನಷ್ಟ.

ಆಗ ಎಲ್ಲವೂ ಚೆಂದವಿರಲಿಲ್ಲ

ಹಿಂದಿನದೆಲ್ಲ ಬಂಗಾರ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. 1972ರ ಬರಗಾಲದಲ್ಲಿ ನನಗೆ ಎಂಟು ವರ್ಷ. ಅಪ್ಪ, ಅವ್ವ ಇಬ್ಬರೂ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದ ನೆನಪು ಈಗಲೂ ನಾಲಗೆಯ ಮೇಲಿದೆ. ಆಗ ಪಲ್ಲೆಯೂ ಇರಲಿಲ್ಲ, ಮಜ್ಜಿಗೆಯೂ ಇರಲಿಲ್ಲ. ಬರೇ ರೊಟ್ಟಿ, ಉಪ್ಪು, ಖಾರ.

ಬರೇ ರೊಟ್ಟಿಯಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ದಖ್ಖಣದ್ದೇ ಒಂದು ಪಾಠವಿದೆ. ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆ ಎಂದು ಹೆಸರಾದ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿಗೆ ಜೋಳವನ್ನೇ ಮುಖ್ಯವಾಗಿ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ರೋಗವನ್ನು ಗುರುತಿಸಿದರು. ಬಿಸಿಲು ತಾಕುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು ಇದರ ಲಕ್ಷಣಗಳು. ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೊರತೆಯ ರೋಗವಿದು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದೇ ಇದಕ್ಕೆ ಕಾರಣವೆಂದು ಅವರು ವಾದಿಸಿದರು. ಆ ವಾದದ ಬಗ್ಗೆ ಮುಂದೆ ಚರ್ಚೆಗಳಾದವು. ಆದರೆ ಬೇರೇನೂ ಇಲ್ಲದೆ ಜೋಳವೊಂದನ್ನೇ ಉಂಡವರಿಗೆ ಈ ರೋಗ ಬಂತೆಂಬುದು ನಿಜ.

ಈಗ ನಮ್ಮ ಹಿಂಡಿಯ ಅರ್ಥ ತಿಳಿಯುತ್ತದೆ. ಶೇಂಗಾದಲ್ಲಿ ನಿಯಾಸಿನ್ ಹೇರಳವಾಗಿದೆ. ಬೇಳೆಯಲ್ಲಿ ರೊಟ್ಟಿಗೆ ಕೊರತೆಯಾದ ಪ್ರೋಟೀನಿನ ಅಂಶವಿದೆ. ಸೊಪ್ಪಿನಲ್ಲಿ ಫೋಲೇಟ್, ಹುಳಿಯಲ್ಲಿ ಸಿ ವಿಟಮಿನ್, ಮಜ್ಜಿಗೆಯಲ್ಲಿ ಒಂದಿಷ್ಟು ಬಿ-12. ನಮ್ಮ ಅವ್ವಂದಿರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ಒಂದು ಗಂಗಾಳದಲ್ಲಿ ಏನೇನು ಕೂಡಬೇಕೆಂಬುದು ಗೊತ್ತಿತ್ತು. ರೊಟ್ಟಿಯೊಂದರಿಂದ ಆರೋಗ್ಯ ಬಂದದ್ದಲ್ಲ, ಗಂಗಾಳ ತುಂಬಿದಾಗ ಬಂತು.

ಬದಲಾದದ್ದೇನು?

ಬದಲಾವಣೆ ಒಂದೇ ದಿನ ಆಗಲಿಲ್ಲ. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂತು. ಎತ್ತುಗಳಿಲ್ಲದ ಮೇಲೆ ಕಣಿಕೆ ಯಾರಿಗೆ ಬೇಕು? ಜೋಳ ಕೀಳಲು ಆಳು ಸಿಗದಾಯಿತು, ನೀರಿದ್ದವರು ಕಬ್ಬು ಹಚ್ಚಿದರು. ಜತ್ತದ ಕಡೆ ದ್ರಾಕ್ಷಿ, ದಾಳಿಂಬೆ ಬಂದವು. ರೇಷನ್ ಅಂಗಡಿಯಲ್ಲಿ ಗೋದಿ, ಅಕ್ಕಿ ಸೋವಿಯಾಗಿ ಸಿಕ್ಕವು. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ತಲೆಗೆ ಐದು ಕಿಲೋ ಕಾಳು ಬಂತು, 2023ರಿಂದ ಅದು ಪುಕ್ಕಟೆ. ಹಸಿವನ್ನು ನೀಗಿಸಿದ ಈ ಧಾನ್ಯವನ್ನು ಹಗುರಾಗಿ ಆಡಿಕೊಳ್ಳುವ ಅಧಿಕಾರ 1972 ಕಂಡ ನನಗಂತೂ ಇಲ್ಲ. ಆದರೆ ಎರಡು ಹೊತ್ತೂ ಬಿಳಿ ಅನ್ನ, ಅದರ ಮೇಲೆ ತೆಳ್ಳನೆಯ ಸಾರು ಎಂಬುದು ನಮ್ಮ ಬಡ ಮನೆಗಳ ಊಟವಾಯಿತು.

ಎರಡನೆಯದು, ನಡುಹೊತ್ತಿನ ತಿನಿಸು. ಮುಂಜಾನೆ ಚಹಾದ ಜೊತೆ ಖಾರಿ, ಟೋಸ್ಟು, ಹನ್ನೊಂದಕ್ಕೆ ವಡಾಪಾವ್, ಸಂಜೆಗೆ ಶೇವು, ಫರಸಾಣ. ಮೈದಾ, ಎಣ್ಣೆ, ಉಪ್ಪು ಇಂಥ ತಿನಿಸುಗಳಲ್ಲಿ ಹೇರಳ. ಅಂಬಲಿ ಕುಡಿಯುತ್ತಿದ್ದ ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಚೀಟುಗಳು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಮೈಯ ದುಡಿಮೆ. ಅವ್ವ ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂಡುತ್ತಿದ್ದಳು, ಬಾವಿಯಿಂದ ನೀರು ಸೇದುತ್ತಿದ್ದಳು. ಅಪ್ಪ ಹೊಲಕ್ಕೆ ನಡೆದೇ ಹೋಗುತ್ತಿದ್ದ. ನಾನು ಮೂರು ದಶಕ ಕುರ್ಚಿಯ ಮೇಲೆ ಕುಳಿತೆ, ಎರಡು ಕಿಲೋಮೀಟರಿನ ಶಾಲೆಗೆ ಮೋಟರ್ ಸೈಕಲ್ಲಿನಲ್ಲಿ ಹೋದೆ. ಅಪ್ಪ ಉಂಡಷ್ಟೇ ಉಂಡೆ, ಅಪ್ಪ ದುಡಿದದ್ದರಲ್ಲಿ ಕಾಲುಭಾಗವೂ ದುಡಿಯಲಿಲ್ಲ. ಸ್ನಾಯುಗಳು ಕೆಲಸ ಮಾಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಕೆಲಸವಿಲ್ಲದಿದ್ದರೆ ಅದು ರಕ್ತದಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಹೊಟ್ಟೆಯ ಸುತ್ತ ಕೊಬ್ಬಾಗುತ್ತದೆ. ಆ ಕೊಬ್ಬು ಇನ್ಸುಲಿನ್ನಿನ ಕೆಲಸವನ್ನು ಮತ್ತಷ್ಟು ಕೆಡಿಸುತ್ತದೆ.

ಇದು ನಮ್ಮ ಸೀಮೆಯೊಂದರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ‘ಇಂಡಿಯಾಬ್’ ಎಂಬ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಬಂತು. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಬೇನೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಅದರ ಅಂದಾಜು. ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ರಕ್ತದ ಒತ್ತಡ ಹೆಚ್ಚು.

ಹೊಸ್ತಿಲಿನಿಂದ ಹಿಂದಕ್ಕೆ ಬರಬಹುದೇ?

ಬರಬಹುದು ಎಂಬುದಕ್ಕೆ ಪುರಾವೆ ಇದೆ. ಅಮೆರಿಕದಲ್ಲಿ ಸಕ್ಕರೆ ಬೇನೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲ 2002ರಲ್ಲಿ ಪ್ರಕಟವಾಯಿತು. ಊಟ ಹದ ಮಾಡಿ, ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆದಾಡಿದವರ ಗುಂಪಿನಲ್ಲಿ ಬೇನೆ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು.

‘ಅವರ ಮೈ ಬ್ಯಾರೆ, ನಮ್ಮ ಮೈ ಬ್ಯಾರೆ’ ಎನ್ನುವವರಿಗೆ ಚೆನ್ನೈಯ ಉತ್ತರವಿದೆ. ಡಾ. ಎ. ರಾಮಚಂದ್ರನ್ ಅವರ ತಂಡ ಅಂಥದೇ 531 ಭಾರತೀಯರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಬೇನೆ ಬಂತು. ಊಟ ತಿದ್ದಿಕೊಂಡು ದಿನಾ ಅರ್ಧ ತಾಸು ನಡೆದವರಲ್ಲಿ 39 ಮಂದಿಗೆ. ನಡೆದವರಿಗೂ ಅನೇಕರಿಗೆ ಬಂತು ಎಂಬುದನ್ನು ಮರೆಯಬಾರದು. ಊಟ, ನಡಿಗೆ ಎಂದರೆ ಬೇನೆ ಬಾರದೆಂಬ ಖಾತ್ರಿ ಚೀಟಿಯಲ್ಲ. ಆದರೆ ನೂರರಲ್ಲಿ ಹದಿನಾರು ಮನೆಗಳು ಆ ಮೂರು ವರ್ಷ ಪಾರಾದವು ಎಂದರೆ ಅದು ಸಣ್ಣ ಮಾತೇನಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ, ಉಸಿರು ತುಸು ಏರುವಂಥ ನಡಿಗೆ ಅಥವಾ ಕೆಲಸ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಬೀಳುವ ಕೆಲಸ. ಇದಕ್ಕೆ ಬೂಟು ಬೇಕಿಲ್ಲ, ಜಿಮ್ಮು ಬೇಕಿಲ್ಲ. ಕಳೆ ಕೀಳುವುದು, ಕೊಡ ಹೊರುವುದು, ಹುಲ್ಲಿನ ಹೊರೆ ತರುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ವಿಟಮಿನ್ ಎಂಬ ‘ತಾಕತ್ತು’

ಇನ್ನು ಅಕ್ಕನ ಕೆಂಪು ಗುಳಿಗೆಯ ವಿಚಾರ. ಹಣ್ಣು, ತರಕಾರಿ ತಿನ್ನುವವರಿಗೆ ಹೃದಯರೋಗ, ಕೆಲವು ಕ್ಯಾನ್ಸರುಗಳು ಕಡಿಮೆ ಎಂದು ಕಂಡ ಮೇಲೆ, ಅವುಗಳಲ್ಲಿರುವ ವಿಟಮಿನ್ನನ್ನೇ ಗುಳಿಗೆ ಮಾಡಿ ಕೊಟ್ಟರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜವೇ. ಫಿನ್‌ಲೆಂಡಿನಲ್ಲಿ 29 ಸಾವಿರ ಬೀಡಿ–ಸಿಗರೇಟು ಸೇದುವ ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. 1994ರಲ್ಲಿ ಬಂದ ಫಲ ಎಲ್ಲರನ್ನೂ ಬೆಚ್ಚಿಬೀಳಿಸಿತು. ಗಜ್ಜರಿಯ ಬಣ್ಣಕ್ಕೆ ಕಾರಣವಾದ ಬೀಟಾ ಕೆರೋಟಿನ್ನಿನ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! ಗಜ್ಜರಿ ತಿಂದರೆ ಹಿತ, ಅದರ ಒಂದು ಅಂಶವನ್ನು ಗುಳಿಗೆಯಾಗಿ ಅತಿಯಾಗಿ ನುಂಗಿದರೆ ಅಪಾಯ. ಡಿ ವಿಟಮಿನ್ನಿನ ಬಗ್ಗೆ ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ಐದು ವರ್ಷ ನಡೆದ ಪರೀಕ್ಷೆಯಲ್ಲಿಯೂ, 2018ರ ವರದಿಯ ಪ್ರಕಾರ, ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತ, ಲಕ್ವಾಗಳಾಗಲಿ ಕಡಿಮೆಯಾಗಲಿಲ್ಲ.

ಹಾಗಾದರೆ ವಿಟಮಿನ್ ಗುಳಿಗೆಯೇ ಬೇಡವೇ? ಕೊರತೆ ಇದ್ದವರಿಗೆ ಬೇಕೇ ಬೇಕು. ನಮ್ಮ ಸೀಮೆಯಲ್ಲಿ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ. ಬಿ-12 ಸಿಗುವುದು ಪ್ರಾಣಿಮೂಲದ ಆಹಾರದಿಂದ. ಶಾಕಾಹಾರಿಗೆ ಹಾಲು, ಮೊಸರು, ಮಜ್ಜಿಗೆಯೇ ಗತಿ. ಎಮ್ಮೆ ಮಾರಿ, ಡೈರಿಗೆ ಹಾಲು ಹಾಕಿ, ಮನೆಯವರು ಕರಿ ಚಹಾ ಕುಡಿದರೆ ಕೊರತೆಯಾಗದೆ ಇರುತ್ತದೆಯೇ? ಅಂಗಾಲಲ್ಲಿ ಜೋಮು, ಉರಿ, ಮರೆವು, ಸುಸ್ತು ಇದರ ಲಕ್ಷಣ. ಸಕ್ಕರೆ ಬೇನೆಯಿಂದ ನರಗಳು ಕೆಟ್ಟಾಗಲೂ ಇದೇ ಜೋಮು ಬರುತ್ತದೆ. ಮೇಲಾಗಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ-12 ಇಳಿಯುವುದುಂಟು. ನನಗೂ ಹೀಗೇ ಆಯಿತು. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರರು ಕೊಟ್ಟ ಬಿ-12 ತೆಗೆದುಕೊಂಡ ಮೇಲೆ ಕಾಲಿನ ಜೋಮು ಕಡಿಮೆಯಾಯಿತು. ಪರೀಕ್ಷೆ ಮಾಡಿಸಿ, ಕಮ್ಮಿ ಇದ್ದದ್ದನ್ನು ತುಂಬುವುದು ಒಂದು. ಅಂಗಡಿಯವನು ಕೊಟ್ಟ ಬಣ್ಣದ ಗುಳಿಗೆಯನ್ನು ತಾಕತ್ತಿಗೆಂದು ನುಂಗುವುದು ಇನ್ನೊಂದು. ಗರ್ಭಿಣಿಯರಿಗೆ ಸರಕಾರ ಕೊಡುವ ಕಬ್ಬಿಣ, ಫೋಲಿಕ್ ಆಮ್ಲದ ಗುಳಿಗೆ ಮೊದಲನೆಯ ಜಾತಿಯದು, ಅದನ್ನು ಬಿಡಬಾರದು. ಊಟದ ಮೇಲೆ ಲಿಂಬೆ ಹಿಂಡಿಕೊಂಡರೆ ಸೊಪ್ಪು–ಕಾಳುಗಳ ಕಬ್ಬಿಣ ಮೈಗೆ ಹತ್ತುತ್ತದೆ, ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ.

ಇನ್ನೊಂದು ಮಾತು. ಯಾವ ಪಲ್ಲೆಯೂ ತಂಬಾಕಿನ ಪಾಪವನ್ನು ತೊಳೆಯಲಾರದು. ಗಂಡಸರ ಗುಟ್ಕಾ, ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ ಎರಡೂ ತಂಬಾಕೇ. ನಮ್ಮದೇ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಹಳ್ಳಿಗರ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಹಳ್ಳಿಯವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬ ಭ್ರಮೆ ಬೇಡ.

ನಮ್ಮ ಮನೆಯ ಲೆಕ್ಕ

ಡಾಕ್ಟರರ ಪ್ರಶ್ನೆ ಕೇಳಿದ ಮೇಲೆ ಮನೆಯಲ್ಲಿ ಒಂದು ಲೆಕ್ಕ ಹಾಕಿದೆ. ಮಾಸ್ತರಿಕೆಯ ಚಟವೆನ್ನಿ. ಉಪ್ಪು ದಿನಕ್ಕೆ ತಲೆಗೆ 5 ಗ್ರಾಂ ದಾಟಬಾರದು ಎನ್ನುತ್ತಾರೆ. ನಾನು, ಮನೆಯಾಕೆ, ಮಗ, ಸೊಸೆ, ಈಗ ನಮ್ಮಲ್ಲೇ ಇರುವ ಅಕ್ಕ ಹೀಗೆ ಐದು ಜನ. ದಿನಕ್ಕೆ 25 ಗ್ರಾಂ. ಅಂದರೆ ಒಂದು ಕಿಲೋ ಪುಡಿಕೆ 40 ದಿನ ಬರಬೇಕು. ಪುಡಿಕೆಯ ಮೇಲೆ ತಾರೀಖು ಬರೆದಿಟ್ಟೆ. 22 ದಿನಕ್ಕೆ ಖಾಲಿ! ಅದರ ಮೇಲೆ ಹಪ್ಪಳ, ಶೇವು, ಫರಸಾಣದ ಉಪ್ಪು ಬೇರೆ. ರಕ್ತದೊತ್ತಡ ಏರಲು ಇನ್ನೇನು ಬೇಕು? ಪ್ರತಿಯೊಂದು ಮನೆಯೂ ಮಾಡಿ ನೋಡಬಹುದಾದ ಲೆಕ್ಕವಿದು.

ಚಹಾ ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚೆ ಸಕ್ಕರೆ. ಎಂಟು ಚಮಚೆ ಎಂದರೆ ಹತ್ತಿರ ಹತ್ತಿರ 40 ಗ್ರಾಂ. ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗದರ್ಶಿಯ ಮಿತಿ 20ರಿಂದ 25 ಗ್ರಾಂ. ಬೆಲ್ಲದ ಚಹಾ ಆದರೆ ನಡೆಯುತ್ತದೆಂದು ಹಲವರ ನಂಬಿಕೆ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ನಾವು ಮಾಡಿದ್ದು ಇಷ್ಟೇ. ಚಹಾ ಎರಡಕ್ಕೆ ಇಳಿಸಿ, ಸಕ್ಕರೆ ಬಿಟ್ಟೆವು. ನನ್ನ ಗಂಗಾಳದಲ್ಲಿ ರೊಟ್ಟಿ ನಾಲ್ಕರಿಂದ ಎರಡಕ್ಕೆ ಬಂತು, ಪಲ್ಲೆ–ಕಾಳು ಇಮ್ಮಡಿಯಾಯಿತು. ಜೋಳವೆಂದು ಆರು ರೊಟ್ಟಿ ಉಂಡರೂ ಸಕ್ಕರೆ ಏರುತ್ತದೆ ಎಂಬುದು ಅನೇಕರು ಮರೆಯುವ ಮಾತು. ರೇಷನ್ ಅಕ್ಕಿ ಬಿಡಲಿಲ್ಲ, ಬೇಳೆ, ತರಕಾರಿ ಸೇರಿಸಿ ಒಂದೇ ಹೊತ್ತಿಗೆ ಇಟ್ಟುಕೊಂಡೆವು. ಹಿತ್ತಿಲಲ್ಲಿ ಬಚ್ಚಲ ನೀರಿಗೆ ಮೆಂತ್ಯ, ರಾಜಗಿರಿ ಹಾಕಿದೆವು. ಹೊಲಕ್ಕೆ ಎರಡು ಕಿಲೋಮೀಟರ್ ನಡೆದೇ ಹೋಗಿ ನಡೆದೇ ಬರುತ್ತೇನೆ. ಮೋಟರ್ ಸೈಕಲ್ ಮಗನಿಗೆ.

ಮನೆಯಾಕೆಗೆ ನಡೆಯಲು ಹೇಳಿದಾಗ ಬಂದ ಉತ್ತರ, ‘ಹೆಣ್ಣಮಕ್ಕಳು ಕೆಲಸ ಇಲ್ಲದ ತಿರಗಾಡಿದ್ರ ಮಂದಿ ಏನಂತಾರ್ರೀ?’ ಖರೆ ಮಾತು. ಕಡೆಗೆ ಓಣಿಯ ಐದಾರು ಹೆಂಗಸರು ಕೂಡಿ, ಊರ ಹೊರಗಿನ ಗುಡಿಗೆ ದೀಪ ಹಚ್ಚುವ ನೆಪದಲ್ಲಿ ದಿನಾ ಸಂಜೆ ಹೋಗತೊಡಗಿದರು. ದೇವರಿಗೆ ದೀಪವೂ ಆಯಿತು, ಇವರಿಗೆ ಮುಕ್ಕಾಲು ತಾಸು ನಡಿಗೆಯೂ ಆಯಿತು.

ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನ್ನದು 8.1 ಇದ್ದದ್ದು ವರ್ಷದ ಮೇಲೆ 6.8ಕ್ಕೆ ಬಂತು. ಗುಳಿಗೆ ಬಿಟ್ಟಿಲ್ಲ. ಡಾಕ್ಟರರು ಪ್ರಮಾಣ ಇಳಿಸಿದ್ದಾರೆ, ಅಷ್ಟೆ. ‘ಮಾಸ್ತರ ರೊಟ್ಟಿ ತಿಂದು ಸಕ್ರಿ ಬ್ಯಾನಿ ಕಳಕೊಂಡಾರ’ ಎಂದು ಊರಲ್ಲಿ ಸುದ್ದಿ ಹಬ್ಬಿ, ಒಬ್ಬರು ಇನ್ಸುಲಿನ್ ಬಿಡಲು ಹೊರಟಾಗ ನಾನೇ ಓಡಿಹೋಗಿ ತಡೆಯಬೇಕಾಯಿತು. ಪಥ್ಯವು ಔಷಧಿಗೆ ಜೊತೆಗಾರ, ಬದಲಿ ಆಳಲ್ಲ.

ಕನ್ನಡದ ಒಂದು ಚೀಟಿ

ಮೂವತ್ತು ದಾಟಿದ ಎಲ್ಲರ ಬಿ.ಪಿ., ಸಕ್ಕರೆ ನೋಡುವ ಸರಕಾರಿ ಕಾರ್ಯಕ್ರಮವಿದೆ. ನಮ್ಮ ಓಣಿಗೂ ಆಶಾತಾಯಿ ಬರುತ್ತಾರೆ. ಮನೆಮಾತು ಕನ್ನಡದವರೇ. ಆದರೆ ಅವರ ಕೈಯಲ್ಲಿನ ಅರ್ಜಿ, ಗೋಡೆಗೆ ಹಚ್ಚುವ ಚಿತ್ರಪಟ, ಪಥ್ಯದ ಹಾಳೆ ಎಲ್ಲವೂ ಮರಾಠಿ. ರಾಜ್ಯಭಾಷೆಯ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮ ಮಕ್ಕಳು ಮರಾಠಿ ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಅರವತ್ತು ದಾಟಿದ ನಮ್ಮ ಅವ್ವಂದಿರು, ಅಕ್ಕಂದಿರು ಈಗ ಕಲಿಯುವುದು ಯಾವಾಗ? ಗುಳಿಗೆಯ ಭಾಷೆ ತಿಳಿಯದಿದ್ದರೆ ಬೀಳುವುದು ಕೈಯೋ ಕಾಲೋ, ಇಲ್ಲವೆ ಜೀವವೇ.

ಅದಕ್ಕೆ ನಾವೇ ಒಂದು ಉಪಾಯ ಮಾಡಿದೆವು. ಡಾಕ್ಟರರನ್ನು ಕೇಳಿಕೊಂಡು, ಒಂದು ಹಾಳೆಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದೆ: ‘ಬಿ.ಪಿ. ಗುಳಿಗಿ ಆರಾಮ ಆದ್ರೂ ಬಿಡಬಾರದು. ಉಪ್ಪಿನ ಪುಡಿಕಿ ಐದು ಮಂದಿಗಿ ನಲವತ್ತು ದಿನ. ದಿನಾ ಅರ್ಧಾ ತಾಸು ನಡೀಬೇಕು. ಎರಡೂ ಹೊತ್ತು ಪಲ್ಲೆ, ಕಾಳು. ತಂಬಾಕ, ಮಿಶ್ರಿ ಬಂದ್. ಮುಖ ಸೊಟ್ಟಾದ್ರ, ಕೈ ಬಿದ್ದ್ರ, ಮಾತು ತೊದಲಿದ್ರ ತಡಾ ಮಾಡದ ದವಾಖಾನಿ.’ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಝೆರಾಕ್ಸ್ ಮಾಡಿಸಿಕೊಟ್ಟ. ಆಶಾತಾಯಿ ಮನೆಮನೆಗೆ ಹಂಚಿದರು. ಕಾಸರಗೋಡಿನಿಂದ ತಾಳವಾಡಿಯವರೆಗೆ, ಆದೋನಿಯಿಂದ ಜತ್ತದವರೆಗೆ ಗಡಿಯಾಚೆಯ ಯಾವ ಕನ್ನಡ ಊರಿನಲ್ಲಾದರೂ ಇದನ್ನು ಮಾಡಬಹುದು. ಊರಿನ ಊಟಕ್ಕೆ ತಕ್ಕಂತೆ ಮಾತು ಬದಲಿಸಿಕೊಂಡರಾಯಿತು.

ಅಕ್ಕ ಈಗ ಎಡಗೈಯಿಂದ ಮೆಂತ್ಯ ಸೋಸುತ್ತಾಳೆ. ಗೋಡೆ ಹಿಡಿದು ಅಂಗಳದಲ್ಲಿ ಹತ್ತು ಸುತ್ತು ಹಾಕುತ್ತಾಳೆ. ಹೋದ ಎಳ್ಳ ಅಮವಾಸಿಗೆ ಹೊಲಕ್ಕೆ ಬಂದು, ಸೊಸೆ ಬಡಿದ ರೊಟ್ಟಿ ನೋಡಿ ‘ಅಂಚು ದಪ್ಪ ಆಗ್ಯಾವ’ ಎಂದು ತಪ್ಪು ತೆಗೆದಳು. ಚೀಟಿಯ ಮೊದಲ ಪ್ರತಿ ಅವಳ ಮಂಚದ ಮೇಲಿನ ಗೋಡೆಗಿದೆ. ದಿನಾ ರಾತ್ರಿ ನಾನು ಮಲಗುವ ಮೊದಲು ಅವಳ ತೊದಲು ದನಿ ಒಳಗಿನಿಂದ ಕೇಳುತ್ತದೆ:

‘ತಮ್ಮಾ, ನಿನ್ನ ಗುಳಿಗಿ ತಗೊಂಡ್ಯಾ?’